ಎಂಟು ಸಾವಿರ ರೊಟ್ಟಿ ಯಾರಿಗೆ ಮಾರ್ತೀರಿ? ಕೆಲಸಕ್ಕೆ ಬರುವ ಬಿಸಿನೆಸ್ ಪ್ಲ್ಯಾನ್ ಬರೆಯುವ ಬಗೆ

ಗದಗ ಕಡೆಯ ನಮ್ಮ ಪರಿಚಯದ ಅಕ್ಕ ಒಬ್ಬರು ಖಡಕ್ ರೊಟ್ಟಿ ಮಾಡಿ ಮಾರುವ ಯೋಚನೆ ಮಾಡಿದರು. ಸಾಲ ಕೇಳಲು ಬ್ಯಾಂಕಿಗೆ ಹೋದರು. "ಪ್ರಾಜೆಕ್ಟ್ ರಿಪೋರ್ಟ್ ತೊಗೊಂಡು ಬರ್ರಿ" ಅಂದರು ಅಲ್ಲಿ. ಎದುರಿಗೇ ಇದ್ದ ಕಂಪ್ಯೂಟರ್ ಸೆಂಟರಿನಲ್ಲಿ ಒಂದೂವರೆ ಸಾವಿರ ಕೊಟ್ಟರು. ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ಪುಟದ ರಿಪೋರ್ಟ್ ಕೈಗೆ ಬಂತು. ಸ್ಪೈರಲ್ ಬೈಂಡಿಂಗ್, ಮೇಲೊಂದು ಪ್ಲಾಸ್ಟಿಕ್ ಹಾಳೆ. ನನಗೂ ತೋರಿಸಿದರು. ಓದುತ್ತಾ ಹೋದೆ. ಹದಿನಾಲ್ಕನೇ ಪುಟದಲ್ಲಿ "ಕುರಿಗಳ ಲಸಿಕೆ ವೆಚ್ಚ" ಅಂತ ಒಂದು ಸಾಲು!

ಅವರಿಗಿಂತ ಮುಂಚೆ ಬಂದ ಗಿರಾಕಿ ಕುರಿ ಸಾಕುವವರಿರಬೇಕು. ಹೆಸರು, ಊರು, ಮೊತ್ತ ಬದಲಾಯಿಸಿ ಪ್ರಿಂಟ್ ಹೊಡೆದುಕೊಟ್ಟಿದ್ದಾರೆ. ಆ ರಿಪೋರ್ಟಿನ ಪ್ರಕಾರ ಅಕ್ಕನ ರೊಟ್ಟಿ ದಿನಕ್ಕೆ 8,000 ಮಾರಾಟವಾಗುತ್ತಿತ್ತು. ಮೊದಲ ತಿಂಗಳಿಂದಲೇ ಲಾಭ. "ನಾ ಎಂಟ್ ಸಾವಿರ ರೊಟ್ಟಿ ಯಾರಿಗೆ ಮಾರ್ಲಿ?" ಅಂತ ಅಕ್ಕ ನಕ್ಕರು.

ಬಿಸಿನೆಸ್ ಪ್ಲ್ಯಾನ್ ಶುರುವಾಗುವುದು ಸರಿಯಾಗಿ ಆ ಪ್ರಶ್ನೆಯಿಂದಲೇ. ಕೇಂದ್ರ ಸರ್ಕಾರದ ಮುದ್ರಾ ಸಾಲ ಇರಲಿ, ಸಬ್ಸಿಡಿ ಇರುವ ಪಿಎಂಇಜಿಪಿ ಸಾಲ ಇರಲಿ, ಸ್ವಸಹಾಯ ಸಂಘದ ಸಾಲ ಇರಲಿ, ಹೊಸದಾಗಿ ಏನಾದರೂ ಶುರು ಮಾಡುವವರಿಗೆ ಈ ಕಾಗದ ಒಂದಲ್ಲ ಒಂದು ದಿನ ಎದುರಾಗುತ್ತದೆ. ಅದನ್ನು ಬರೆಯುವುದು ಹೇಗೆ ಅಂತ ಅಕ್ಕನ ರೊಟ್ಟಿಯನ್ನೇ ಇಟ್ಟುಕೊಂಡು ನೋಡೋಣ.

ಪ್ಲ್ಯಾನ್ ಬೇರೆ, ರಿಪೋರ್ಟ್ ಬೇರೆ

ಎರಡು ಮಾತುಗಳನ್ನು ಮೊದಲು ಬಿಡಿಸಿಕೊಳ್ಳೋಣ. ಪ್ರಾಜೆಕ್ಟ್ ರಿಪೋರ್ಟ್ ಅಥವಾ ಡಿಪಿಆರ್ ಅಂದರೆ ಬ್ಯಾಂಕು ಕೇಳುವ ನಮೂನೆಯಲ್ಲಿ ಬರೆದ ಕಾಗದ. ಎಷ್ಟು ಖರ್ಚು, ಎಷ್ಟು ಸಾಲ, ಹೇಗೆ ತೀರಿಸುತ್ತೀರಿ, ಇಷ್ಟೇ ಅದರ ಆಸಕ್ತಿ. ಬಿಸಿನೆಸ್ ಪ್ಲ್ಯಾನ್ ಅಂದರೆ ಏನು ಮಾರುತ್ತೇನೆ, ಯಾರಿಗೆ, ಯಾವ ಬೆಲೆಗೆ, ಅದಕ್ಕೆ ಏನೇನು ಬೇಕು, ರೊಕ್ಕ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅನ್ನುವುದನ್ನು ನಿಮಗೋಸ್ಕರ ನೀವೇ ಬರೆದುಕೊಂಡ ಲೆಕ್ಕ. ಎರಡನೆಯದು ಗಟ್ಟಿಯಾಗಿದ್ದರೆ ಮೊದಲನೆಯದು ಅದರಿಂದಲೇ ಬರುತ್ತದೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಉಲ್ಟಾ.

ಮದುವೆ ಅಡುಗೆಯವರನ್ನು ನೆನಪಿಸಿಕೊಳ್ಳಿ. ಮಾತಿಗೆ ಕೂತ ತಕ್ಷಣ ಅವರು ಕೇಳುವುದು ಒಂದೇ: "ಎಷ್ಟು ಎಲೆ ಆಗುತ್ತೆ?" ಅಕ್ಕಿ ಎಷ್ಟು, ಬೇಳೆ ಎಷ್ಟು, ಬಡಿಸಲು ಎಷ್ಟು ಜನ ಅನ್ನುವುದೆಲ್ಲ ಆ ಒಂದು ಸಂಖ್ಯೆಯಿಂದ ಇಳಿದು ಬರುತ್ತದೆ. ಎಲೆ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ವ್ಯಾಪಾರದಲ್ಲಿ ಆ ಎಲೆ ಲೆಕ್ಕ ಅಂದರೆ ದಿನಕ್ಕೆ ಎಷ್ಟು ಮಾರಾಟ ಅನ್ನುವುದು. 8,000 ಅನ್ನುವ ಸಂಖ್ಯೆ ಬಂದದ್ದು ಎಲ್ಲಿಂದ ಗೊತ್ತಾ? ಯಂತ್ರ ಗಂಟೆಗೆ ಸಾವಿರ ರೊಟ್ಟಿ ಮಾಡುತ್ತದೆ, ದಿನಕ್ಕೆ ಎಂಟು ಗಂಟೆ ಓಡುತ್ತದೆ, ಗುಣಿಸಿ ಬರೆದಿದ್ದಾರೆ. ಯಂತ್ರ ಮಾಡುವುದನ್ನೆಲ್ಲ ಊರು ತಿನ್ನಬೇಕು ಅಂತ ಎಲ್ಲಿದೆ?

ಪ್ರತಿ ಅಂಕಿಯ ಪಕ್ಕ ಒಂದು ಕಾಲಮ್ಮು

ಅಕ್ಕನಿಗೆ ನಾನು ಹೇಳಿದ್ದು ಒಂದೇ ಉಪಾಯ. ನೂರು ಪುಟದ ನೋಟ್‌ಬುಕ್ ತೊಗೊಳ್ಳಿ, ಮೂರು ಕಾಲಮ್ಮು ಎಳೆಯಿರಿ. ಮೊದಲನೆಯದು ವಿಷಯ, ಎರಡನೆಯದು ಅಂಕಿ, ಮೂರನೆಯದರ ತಲೆಬರಹ "ಯಾರು ಹೇಳಿದ್ದು". ಜೋಳ ಕೆಜಿಗೆ 45 ರೂಪಾಯಿ ಅಂತ ಬರೆದರೆ ಅದರ ಮುಂದೆ "ಎಪಿಎಂಸಿ ದಲಾಲಿ, ಮಂಗಳವಾರ" ಅಂತ ಇರಬೇಕು. ದಿನಕ್ಕೆ 500 ರೊಟ್ಟಿ ಅಂತ ಬರೆದರೆ ಅದರ ಮುಂದೆ ಏನು ಬರೆಯುತ್ತೀರಿ? "ನಮ್ಮ ಯಜಮಾನರು" ಅಂತ ಬರೆಯಬೇಕಾಗಿ ಬಂದರೆ ಅದು ಇನ್ನೂ ಅಂದಾಜು. ಅಂದಾಜು ಇರಬಾರದು ಅಂತಲ್ಲ. ಯಾವುದು ಅಂದಾಜು, ಯಾವುದು ಕೇಳಿ ತಿಳಿದದ್ದು ಅನ್ನುವುದು ಬರೆದವರಿಗಾದರೂ ಗೊತ್ತಿರಬೇಕು, ಅಲ್ವಾ?

ಮಾರಾಟದ ಅಂದಾಜನ್ನು ಗಟ್ಟಿ ಮಾಡಲು ಒಂದೇ ದಾರಿ ಅಂದರೆ ಸಣ್ಣದಾಗಿ ಮಾರಿ ನೋಡುವುದು. 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು ಬೆಂಗಳೂರಿನ ತಿಪ್ಪಸಂದ್ರದಲ್ಲಿ ಐವತ್ತು ಚದರಡಿ ಜಾಗದಲ್ಲಿ ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ ಶುರು ಮಾಡಿದರು. ಹಾಕಿದ್ದು ಸುಮಾರು 50 ಸಾವಿರ ರೂಪಾಯಿ. ಸುತ್ತಲಿನ ಇಪ್ಪತ್ತು ಅಂಗಡಿಗಳಲ್ಲಿ ದಿನಕ್ಕೆ ನೂರು ಪ್ಯಾಕೆಟ್ ಮಾರುವುದು ಮೊದಲ ಗುರಿ. ಅದನ್ನು ಮುಟ್ಟಲು ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಆಮೇಲೆ ದೊಡ್ಡ ಬಂಡವಾಳ. ಇವತ್ತಿನ ಐಡಿ ಫ್ರೆಶ್ ಅದೇ.

ಅಕ್ಕ ಎರಡು ವಾರ ಮನೆಯಲ್ಲೇ ದಿನಕ್ಕೆ ನೂರು ರೊಟ್ಟಿ ಬಡಿದು ಆರು ಕಿರಾಣಿ ಅಂಗಡಿ, ಎರಡು ಖಾನಾವಳಿಗೆ ಕೊಟ್ಟು ನೋಡಿದರು. ಕುರ್ಚಿಯಲ್ಲಿ ಕೂತು ಯಾವ ಕಾಲಕ್ಕೂ ಗೊತ್ತಾಗದ ಸಂಗತಿಗಳು ಗೊತ್ತಾದವು. ಒಂದು ಖಾನಾವಳಿಗೆ ಖಡಕ್ ರೊಟ್ಟಿ ಬೇಡವೇ ಬೇಡ, ಅಲ್ಲಿ ಊಟಕ್ಕೆ ಬರುವವರಿಗೆ ಬಿಸಿ ಮೆತ್ತನೆ ರೊಟ್ಟಿಯೇ ಆಗಬೇಕು. ಅಂಗಡಿಯವರು ಹತ್ತು ರೊಟ್ಟಿಯ ಕಟ್ಟು ಕೇಳಿದರು, ಅಕ್ಕ ಇಪ್ಪತ್ತರದ್ದು ಕಟ್ಟಿದ್ದರು. ಹಿಟ್ಟು ಬೀಸಿ ನಾಲ್ಕೈದು ದಿನವಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಬಿರಿಯುತ್ತದೆ. ಇದು ಅವರಿಗೆ ಮೊದಲೇ ಗೊತ್ತು, ಆದರೆ ಗಿರಣಿಗೆ ವಾರಕ್ಕೆ ಮೂರು ಸಲ ಹೋಗಬೇಕು ಅನ್ನುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕೂಟರ್ ಮೇಲೆ ಒಯ್ಯುವಾಗ ನೂರಕ್ಕೆ ಎಂಟು ರೊಟ್ಟಿ ಮುರಿಯುತ್ತಿದ್ದವು. ಮುರಿದದ್ದನ್ನು ಅಂಗಡಿಯವರು ಮುಟ್ಟುವುದಿಲ್ಲ.

ಒಂದು ರೊಟ್ಟಿಗೆ ಏನು ಬೀಳುತ್ತದೆ

ಈಗ ಲೆಕ್ಕ. ಇಲ್ಲಿನ ಬೆಲೆಗಳು ಅಕ್ಕನ ನೋಟ್‌ಬುಕ್ಕಿನವು, ನಿಮ್ಮೂರಲ್ಲಿ ಬೇರೆ ಇರುತ್ತವೆ. ಲೆಕ್ಕದ ದಾರಿ ಮಾತ್ರ ಒಂದೇ. ಖರ್ಚಿನಲ್ಲಿ ಎರಡು ಜಾತಿ. ರೊಟ್ಟಿ ಜಾಸ್ತಿಯಾದಂತೆ ಜಾಸ್ತಿಯಾಗುವ ಖರ್ಚು ಒಂದು. ರೊಟ್ಟಿ ಮಾಡಿದರೂ ಬಿಟ್ಟರೂ ಬೀಳುವ ಖರ್ಚು ಇನ್ನೊಂದು. ಮೊದಲನೆಯದನ್ನು ಒಂದು ರೊಟ್ಟಿಗೆ ಎಷ್ಟು ಅಂತ ಹಾಕಬೇಕು, ಎರಡನೆಯದನ್ನು ತಿಂಗಳಿಗೆ ಎಷ್ಟು ಅಂತ.

ಜೋಳ, ಬೀಸುವ ಕೂಲಿ ಸೇರಿ ಕೆಜಿ ಹಿಟ್ಟಿಗೆ 50 ರೂಪಾಯಿ. ಕೆಜಿಗೆ 20 ರೊಟ್ಟಿ. ಯಂತ್ರದಲ್ಲಿ ಮಾಡಿದರೆ ಒಂದು ರೊಟ್ಟಿಗೆ ಹೀಗೆ ಬೀಳುತ್ತದೆ:

ಹಿಟ್ಟು – 2.50 ರೂ.
ಕೂಲಿ – 1.25 ರೂ.
ಗ್ಯಾಸ್ – 0.50 ರೂ.
ಪ್ಯಾಕಿಂಗ್ – 0.35 ರೂ.
ಮುರಿದದ್ದು – 0.40 ರೂ.
ಒಟ್ಟು – 5 ರೂ.

ಆ ನಲವತ್ತು ಪೈಸೆ ಎಲ್ಲಿಂದ ಬಂತು ನೋಡಿ. ಸ್ಕೂಟರ್ ಮೇಲೆ ಮುರಿದ ಎಂಟು ರೊಟ್ಟಿಯ ಬೆಲೆ ಉಳಿದವುಗಳ ತಲೆ ಮೇಲೆ ಬಿದ್ದಿದೆ. ಇಪ್ಪತ್ತೆರಡು ಪುಟದ ರಿಪೋರ್ಟಿನಲ್ಲಿ ಒಂದು ರೊಟ್ಟಿಯೂ ಮುರಿದಿರಲಿಲ್ಲ.

ಅಂಗಡಿಗೆ ಕೊಡುವ ಬೆಲೆ 7 ರೂಪಾಯಿ. ಅಂದರೆ ರೊಟ್ಟಿಗೆ 2 ರೂಪಾಯಿ ಉಳಿಯುತ್ತದೆ. ಇದು ಲಾಭವಲ್ಲ. ತಿಂಗಳ ಖರ್ಚು ತುಂಬಲು ಪ್ರತಿ ರೊಟ್ಟಿ ಹುಂಡಿಗೆ ಹಾಕುವ ಕಾಣಿಕೆ ಅಂದುಕೊಳ್ಳಿ.

ಅಸಲು ಮುಟ್ಟುವ ಜಾಗ

ಆ ಹುಂಡಿ ಎಷ್ಟು ದೊಡ್ಡದು? ಬಾಡಿಗೆ 4,000, ಕರೆಂಟ್ 1,200, ಪೆಟ್ರೋಲ್ 3,000, ರಿಪೇರಿ ಮತ್ತು ಸಣ್ಣಪುಟ್ಟ 800. ಒಟ್ಟು 9,000. ಯಂತ್ರ, ಒಲೆ, ವೈರಿಂಗ್, ಮುಂಗಡ ಎಲ್ಲ ಸೇರಿ ಬಂಡವಾಳ 3 ಲಕ್ಷ. ಅದರಲ್ಲಿ 50 ಸಾವಿರ ಅಕ್ಕನ ಕೈಯಿಂದ, 2.5 ಲಕ್ಷ ಸಾಲ. ಶೇ. 11ರ ಬಡ್ಡಿಗೆ ಐದು ವರ್ಷ ಅಂತ ಹಿಡಿದರೆ ತಿಂಗಳ ಕಂತು ಸುಮಾರು 5,400. ಅಲ್ಲಿಗೆ 14,400 ಆಯಿತು. ಇದನ್ನು 2ರಿಂದ ಭಾಗಿಸಿದರೆ 7,200 ರೊಟ್ಟಿ. ತಿಂಗಳಿಗೆ 26 ದಿನ ಕೆಲಸ ಅಂದರೆ ದಿನಕ್ಕೆ 277.

"ಅಷ್ಟ ಸಾಕಲ್ಲ!" ಅಂದರು ಅಕ್ಕ. ನಿಮ್ಮ ಪಗಾರ ಎಲ್ಲಿ ಅಂತ ಕೇಳಿದೆ.

"ಅಲ್ರೀ, ಅಂಗಡಿ ನಂದ. ನನಗ ನಾನ ಪಗಾರ ಕೊಡೂದ?"

ಕೊಡಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಸಂಜೆ ಏಳರವರೆಗೆ ಅವರು ಮಾಡುವ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ ಸುಮ್ನೆ ಬರ್ತಾರಾ? ಕಡಿಮೆ ಅಂದರೂ 12,000 ಅಂತ ಬರೆದೆವು. ಈಗ ಹುಂಡಿ 26,400 ಆಯಿತು. ರೊಟ್ಟಿ 13,200. ದಿನಕ್ಕೆ 508. ಇದನ್ನೇ ಬ್ರೇಕ್ ಈವನ್ ಅನ್ನುವುದು. ಲಾಭವೂ ಇಲ್ಲ, ನಷ್ಟವೂ ಇಲ್ಲ, ಅಸಲು ಮುಟ್ಟಿದ ಜಾಗ. 509ನೇ ರೊಟ್ಟಿಯಿಂದ ಲಾಭ ಶುರು. ಸ್ವಂತ ದುಡಿಮೆಗೆ ಸೊನ್ನೆ ಬೆಲೆ ಹಾಕಿ "ಲಾಭ ಐತಿ" ಅಂದುಕೊಂಡು ವರ್ಷಗಟ್ಟಲೆ ನಡೆಯುವ ಅಂಗಡಿಗಳು ಪ್ರತಿ ಊರಲ್ಲೂ ಸಿಗುತ್ತವೆ. ನನಗೆ ಕಂಡಂತೆ ಮನೆಮಂದಿಯೇ ನಡೆಸುವ ವ್ಯಾಪಾರಗಳ ಲೆಕ್ಕದಲ್ಲಿ ಅತಿ ದೊಡ್ಡ ತೂತು ಇದೇ.

ಅಂಕಿಯನ್ನು ಒಮ್ಮೆ ಅಲ್ಲಾಡಿಸಿಯೂ ನೋಡಬೇಕು. 2025-26ಕ್ಕೆ ಕೇಂದ್ರ ಸರ್ಕಾರ ಮಾಲ್ದಂಡಿ ಜೋಳಕ್ಕೆ ಹಾಕಿದ ಬೆಂಬಲ ಬೆಲೆ ಕ್ವಿಂಟಾಲಿಗೆ 3,749 ರೂಪಾಯಿ. ಅದು ಸರ್ಕಾರ ಹೇಳಿದ ಕನಿಷ್ಠ ಬೆಲೆ. ಪೇಟೆಯ ಬೆಲೆ ಮಳೆಯ ಕೈಯಲ್ಲಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಆಗ ಜೋಳದ ರೇಟು ಕೇಳಿದವರಿಗೆ ಈ ಮಾತು ವಿವರಿಸಬೇಕಿಲ್ಲ. ಕೆಜಿಗೆ ಹತ್ತು ರೂಪಾಯಿ ಏರಿತು ಅಂತಿಟ್ಟುಕೊಳ್ಳಿ. ರೊಟ್ಟಿಗೆ ಐವತ್ತು ಪೈಸೆ ಹೋಯಿತು. ಉಳಿಯುವುದು ಒಂದೂವರೆ ರೂಪಾಯಿ. ಅಸಲು ಮುಟ್ಟಲು ಈಗ ದಿನಕ್ಕೆ 677 ರೊಟ್ಟಿ ಬೇಕು. ಐವತ್ತು ಪೈಸೆ ನೋಡಲು ಸಣ್ಣದು, ಅದು ಕೇಳುವುದು ದಿನಕ್ಕೆ ನೂರಾ ಎಪ್ಪತ್ತು ರೊಟ್ಟಿಯ ಹೊಸ ಗಿರಾಕಿ! ಹಾಗಾಗಿ ಸುಗ್ಗಿಯಲ್ಲಿ ಎಷ್ಟು ಚೀಲ ಹಿಡಿದಿಡಬೇಕು ಅನ್ನುವುದೂ ಪ್ಲ್ಯಾನಿನ ಭಾಗವೇ ಆಯಿತು.

ಉದ್ರಿ ನುಂಗುವ ರೊಕ್ಕ

ಲಾಭದಲ್ಲಿರುವ ವ್ಯಾಪಾರವೂ ಮುಚ್ಚಿಹೋಗುತ್ತದೆ. ಕೇಳಲು ವಿಚಿತ್ರ, ಕಾರಣ ಸರಳ. ಜೋಳಕ್ಕೆ ಇವತ್ತೇ ರೊಕ್ಕ ಎಣಿಸಬೇಕು, ಕೂಲಿ ಶನಿವಾರಕ್ಕೆ ಕೊಡಬೇಕು. ಅಂಗಡಿಯವರು ಮಾತ್ರ "ಮುಂದಿನ ವಾರ ನೋಡೋಣಂತ" ಅನ್ನುತ್ತಾರೆ. ಕಾಗದದ ಮೇಲೆ ಲಾಭ ಇದೆ, ಕೈಯಲ್ಲಿ ರೊಕ್ಕ ಇಲ್ಲ. ಈ ನಡುವಿನ ಅಂತರ ತುಂಬಲು ಬೇಕಾದ ಹಣಕ್ಕೆ ದುಡಿಯುವ ಬಂಡವಾಳ ಅನ್ನುತ್ತಾರೆ. ಬ್ಯಾಂಕಿನವರ ಬಾಯಲ್ಲಿ ವರ್ಕಿಂಗ್ ಕ್ಯಾಪಿಟಲ್.

ದಿನಕ್ಕೆ 500 ರೊಟ್ಟಿ ಅಂದರೆ ದಿನದ ಖರ್ಚು 2,500, ಅದರಲ್ಲಿ ಜೋಳದ್ದೇ 1,250. ಹದಿನೈದು ದಿನದ ಜೋಳ ಮನೆಯಲ್ಲಿರಬೇಕು ಅಂದರೆ 18,750. ಮಾಡಿಟ್ಟ ರೊಟ್ಟಿ ಮೂರು ದಿನದ್ದು ಡಬ್ಬಿಯಲ್ಲಿದೆ, 7,500. ಅಂಗಡಿಗಳ ಉದ್ರಿ ಇಪ್ಪತ್ತು ದಿನ, 50,000. ಒಟ್ಟು 76,250 ರೂಪಾಯಿ ಸದಾ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ. ಉದ್ರಿಯೊಂದೇ ಮೂರರಲ್ಲಿ ಎರಡು ಪಾಲು.

ಇನ್ನು ಮೊದಲ ದಿನವೇ 500 ಯಾರೂ ತೊಗೊಳ್ಳುವುದಿಲ್ಲ. ಮೊದಲ ತಿಂಗಳು 200, ಆಮೇಲೆ 300, 400, ನಾಲ್ಕನೇ ತಿಂಗಳು 500 ಅಂತ ಹಿಡಿಯೋಣ. ಹುಂಡಿ ತುಂಬದೆ ಉಳಿಯುವುದು ಕ್ರಮವಾಗಿ 16,000, 10,800, 5,600, 400. ಕೂಡಿದರೆ 32,800. ಅಕ್ಕ ಪಗಾರ ಬಿಟ್ಟುಕೊಟ್ಟರೆ ಈ ಕೊರತೆ ಬಹುಪಾಲು ಮಾಯವಾಗುತ್ತದೆ ನಿಜ. ಆಗ ನಾಲ್ಕು ತಿಂಗಳು ಮನೆ ಹೇಗೆ ನಡೆಯುತ್ತದೆ ಅಂತ ಬರೆಯಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

76,250 ಮತ್ತು 32,800 ಸೇರಿ 1,09,050. ಬೈಂಡ್ ಮಾಡಿಸಿದ ರಿಪೋರ್ಟಿನಲ್ಲಿ ಇದರ ಸುಳಿವೇ ಇರಲಿಲ್ಲ. ಮೂರು ಲಕ್ಷದ ಯೋಜನೆ ಅಂದುಕೊಂಡದ್ದು ನಿಜದಲ್ಲಿ ನಾಲ್ಕು ಲಕ್ಷ ದಾಟುತ್ತದೆ.

ಯಂತ್ರವೋ ಕೈಯೋ

ಇಷ್ಟು ಬರೆದ ಮೇಲೆ ಅಕ್ಕನೇ ಕೇಳಿದರು: ದಿನಕ್ಕೆ ಐನೂರೇ ಆಗುವುದಾದರೆ ಗಂಟೆಗೆ ಸಾವಿರ ಮಾಡುವ ಯಂತ್ರ ಯಾಕೆ? ಅರ್ಧ ಗಂಟೆ ಓಡಿಸಿ ಬಟ್ಟೆ ಮುಚ್ಚಿಡಲಿಕ್ಕಾ? ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ.

ಮೂರು ಲಕ್ಷದಲ್ಲಿ ಯಂತ್ರದ್ದೇ 1,80,000. ಅದನ್ನು ಬಿಟ್ಟರೆ 1,20,000 ಸಾಕು. 20 ಸಾವಿರ ಕೈಯಿಂದ, ಒಂದು ಲಕ್ಷ ಸಾಲ, ಕಂತು ಸುಮಾರು 2,200. ತಿಂಗಳ ಹುಂಡಿ 23,200ಕ್ಕೆ ಇಳಿಯಿತು. ಆದರೆ ಕೈಯಲ್ಲಿ ಬಡಿಯುವವರ ಕೂಲಿ ರೊಟ್ಟಿಗೆ 2 ರೂಪಾಯಿ. ರೊಟ್ಟಿಯ ಖರ್ಚು 5.75 ಆಯಿತು. 7 ರೂಪಾಯಿಗೇ ಕೊಟ್ಟರೆ ಉಳಿಯುವುದು ಒಂದೂಕಾಲು. ಅಸಲಿಗೆ ದಿನಕ್ಕೆ 714 ರೊಟ್ಟಿ ಬೇಕು. ಯಂತ್ರಕ್ಕಿಂತ ಕೆಟ್ಟ ಲೆಕ್ಕ ಇದು.

ಕೈಯಲ್ಲಿ ಬಡಿದದ್ದು ಅಂತ ಒಂದು ರೂಪಾಯಿ ಜಾಸ್ತಿ ಸಿಕ್ಕರೆ? 8 ರೂಪಾಯಿಗೆ ಕೊಟ್ಟರೆ 2.25 ಉಳಿಯುತ್ತದೆ. ಅಸಲು ಮುಟ್ಟಲು 397 ಸಾಕು. ಅಂದರೆ ಈ ಉದ್ಯೋಗದ ಹಣೆಬರಹ ಪೂರ್ತಿ ಒಂದು ರೂಪಾಯಿಯ ಮೇಲೆ ನಿಂತಿದೆ. ಆ ರೂಪಾಯಿ ಸಿಗುತ್ತದೋ ಇಲ್ಲವೋ ಅಂತ ಹೇಳುವವರು ಅಂಗಡಿಯವರು ಮಾತ್ರ. ಅಕ್ಕ ಮತ್ತೆ ಸ್ಕೂಟರ್ ಹತ್ತಿದರು. ಆರು ಅಂಗಡಿಯಲ್ಲಿ ನಾಲ್ಕು ಒಪ್ಪಿದವು. ಇಬ್ಬರು ಏಳಕ್ಕಿಂತ ಒಂದು ಪೈಸೆ ಮೇಲಿಲ್ಲ ಅಂದರು. ನೋಟ್‌ಬುಕ್ಕಿನ ಮೂರನೇ ಕಾಲಮ್ಮಿನಲ್ಲಿ ನಾಲ್ಕೂ ಅಂಗಡಿಗಳ ಹೆಸರು ಬಂದವು.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಪ್ಲ್ಯಾನ್ ಅಂದರೆ ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ಅಂಕಿ ಹೊಂದಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲಿ ಅಂಕಿಗಳೇ ತೀರ್ಮಾನವನ್ನು ಬದಲಿಸಿದವು. ಯಂತ್ರದ ಕೊಟೇಶನ್ ಅಕ್ಕನ ಟ್ರಂಕಿನಲ್ಲಿ ಇನ್ನೂ ಇದೆ. ದಿನಕ್ಕೆ ಸಾವಿರ ದಾಟಿದ ಮೇಲೆ ತೆಗೆಯುತ್ತಾರಂತೆ.

ಬ್ಯಾಂಕಿನವರು ಏನು ನೋಡುತ್ತಾರೆ

ಬ್ಯಾಂಕಿನ ಭಾಷೆಯಲ್ಲಿ ನಾಲ್ಕು ಮಾತು ತಿಳಿದಿದ್ದರೆ ಮಾತುಕತೆ ಸಲೀಸು.

ಮಾರ್ಜಿನ್ ಅಂದರೆ ಯೋಜನೆಯಲ್ಲಿ ನಿಮ್ಮ ಕೈಯಿಂದ ಹಾಕುವ ಪಾಲು. ಮೊರಟೋರಿಯಂ ಅಂದರೆ ಕಂತು ಶುರುವಾಗುವ ಮೊದಲು ಸಿಗುವ ಬಿಡುವು. ಮೊದಲ ನಾಲ್ಕು ತಿಂಗಳ ಕೊರತೆ ನೋಡಿದಿರಲ್ಲ, ಅದಕ್ಕೇ ಈ ಬಿಡುವನ್ನು ಬಾಯಿಬಿಟ್ಟು ಕೇಳಬೇಕು.

ಡಿಎಸ್‌ಸಿಆರ್ ಅನ್ನುವ ಅಕ್ಷರಗಳು ಹೆದರಿಸುತ್ತವೆ, ಅರ್ಥ ಸುಲಭ. ಒಂದು ರೂಪಾಯಿ ಕಂತಿಗೆ ನಿಮ್ಮ ಹತ್ತಿರ ಎಷ್ಟು ರೂಪಾಯಿ ಇದೆ ಅನ್ನುವ ಲೆಕ್ಕ. ಯಂತ್ರದ ಯೋಜನೆಯಲ್ಲಿ ದಿನಕ್ಕೆ 500 ಮಾರಿದರೆ 26,000 ಬರುತ್ತದೆ. ಅದರಲ್ಲಿ 9,000 ಖರ್ಚು, 12,000 ಪಗಾರ ಕಳೆದರೆ 5,000. ಕಂತು 5,400. ರೂಪಾಯಿಗೆ 93 ಪೈಸೆಯೂ ಸರಿಯಾಗಿ ಇಲ್ಲ. ಕೈರೊಟ್ಟಿಯಲ್ಲಿ ಅದೇ 500ಕ್ಕೆ 29,250 ಬಂದು 8,250 ಉಳಿಯುತ್ತದೆ, ಕಂತು 2,200. ಮೂರೂವರೆ ಪಟ್ಟಿಗಿಂತ ಜಾಸ್ತಿ. ಬ್ಯಾಂಕುಗಳು ಸಾಮಾನ್ಯವಾಗಿ ಒಂದೂವರೆ ಆಸುಪಾಸು ಇರಲಿ ಅಂತ ನೋಡುತ್ತವೆ.

ನಾಲ್ಕನೆಯದು ಸಬ್ಸಿಡಿ. ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಪಿಎಂಇಜಿಪಿ ನಿಯಮಗಳಲ್ಲಿ ಹಳ್ಳಿಯಲ್ಲಿ ಉದ್ಯೋಗ ಹೂಡುವ ಮಹಿಳೆಗೆ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನ, ಸ್ವಂತ ಪಾಲು ಶೇ. 5. ಸಾಮಾನ್ಯ ವರ್ಗದ ಗಂಡಸರಿಗೆ ಹಳ್ಳಿಯಲ್ಲಿ ಶೇ. 25, ಪಟ್ಟಣದಲ್ಲಿ ಶೇ. 15, ಸ್ವಂತ ಪಾಲು ಶೇ. 10. ಆದರೆ ಆ ಹಣ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಘಟಕ ನಡೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. "ಸಬ್ಸಿಡಿ ಬಂದ ಮೇಲೆ ಜೋಳ ತರ್ತೀನಿ" ಅಂದವರು ಕಾಯುತ್ತಲೇ ಇರಬೇಕು. ಅದೇ ನಿಯಮಗಳಲ್ಲಿ ಯೋಜನಾ ವೆಚ್ಚಕ್ಕೆ ಜಮೀನಿನ ಬೆಲೆ ಸೇರಿಸುವಂತಿಲ್ಲ, ಒಂದು ಸುತ್ತಿನ ದುಡಿಯುವ ಬಂಡವಾಳ ಸೇರಿಸಬಹುದು. ಎಷ್ಟೋ ಜನ ಅದನ್ನು ಕೇಳದೇ ಬಿಡುತ್ತಾರೆ.

ಆಹಾರ ಪದಾರ್ಥದ ಕಿರು ಉದ್ಯಮಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಅನ್ನುವ ಕೇಂದ್ರದ ಯೋಜನೆಯಲ್ಲಿ ಸಹಾಯಧನ ಶೇ. 35, ಗರಿಷ್ಠ 10 ಲಕ್ಷ. ಮುದ್ರಾದಲ್ಲಿ 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ಅದು ಸಾಲ ಮಾತ್ರ, ಸಬ್ಸಿಡಿ ಅಲ್ಲ. ಸ್ಕೀಮುಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನ ಯಾವುದು ಚಾಲ್ತಿಯಲ್ಲಿದೆ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿ.

ಕಾಗದಪತ್ರ, ಚುಟುಕಾಗಿ

ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ, ಪುಕ್ಕಟೆ. ಅದಕ್ಕೆ ಸರ್ಕಾರ ಶುಲ್ಕ ತೊಗೊಳ್ಳುವುದಿಲ್ಲ. ತಿನ್ನುವ ವಸ್ತು ಮಾರುವವರಿಗೆ ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕು, ಆ ನಂಬರ್ ಕಟ್ಟಿನ ಲೇಬಲ್ ಮೇಲೆ ಬರಬೇಕು.

ಜಿಎಸ್‌ಟಿ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನುವ ಚೀಟಿ ಬಿತ್ತು. ಆಗ ಗೊತ್ತಾಗಿದ್ದೇನೆಂದರೆ ವಹಿವಾಟು ಅಂದರೆ ಲಾಭ ಅಂತಲೇ ಬಹಳ ಜನ ತಿಳಿದಿದ್ದರು. ಅಲ್ಲ. ವಹಿವಾಟು ಅಂದರೆ ಮಾರಿದ ಒಟ್ಟು ಮೊತ್ತ. ದಿನಕ್ಕೆ 500 ರೊಟ್ಟಿ 8 ರೂಪಾಯಿಯಂತೆ ಮಾರಿದರೆ ವರ್ಷಕ್ಕೆ 12,48,000. ಸರಕು ಮಾತ್ರ ಮಾರುವವರಿಗೆ ನೋಂದಣಿ ಮಿತಿ 40 ಲಕ್ಷ, ಅಕ್ಕ ಅದರಿಂದ ದೂರ ಇದ್ದಾರೆ. ರೊಟ್ಟಿ-ಚಪಾತಿಗೆ ಇದ್ದ ಶೇ. 5ರ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಗಿದೆ.

ಕೈಮೀರಿದ್ದು ಬಂದರೆ

ಪ್ಲ್ಯಾನಿನಲ್ಲಿ ಒಂದು ಪುಟ ಕೆಟ್ಟ ಸುದ್ದಿಗೆ ಇರಲಿ. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದ ಹೋಟೆಲ್. ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ಸರ್ಕಾರ ಕಟ್ಟಿಹಾಕಿತು. ಆ ಬೆಲೆಗೆ ಕೊಟ್ಟರೆ ದಿನವೂ ನಷ್ಟ. ಹೋಟೆಲ್ ಕೆಲಕಾಲ ಮುಚ್ಚಿತು. ಕೆಲಸಗಾರರನ್ನು ಬಿಡದೆ, ರವೆ ಇಡ್ಲಿಯಂಥ ತಿಂಡಿಗಳ ಸಿದ್ಧ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರುವ ಕಡೆಗೆ ಹೊರಳಿದರು. ಕೈಯಲ್ಲಿದ್ದ ವಿದ್ಯೆ ಅದೇ, ಮಾರುವ ರೂಪ ಬೇರೆ.

ಅಕ್ಕನ ಪುಟದಲ್ಲಿ ಮೂರೇ ಸಾಲು. ಜೋಳ 60 ದಾಟಿದರೆ ಏನು? ಬಡಿಯುವ ಇಬ್ಬರು ಸುಗ್ಗಿಗೆ ಹೊಲಕ್ಕೆ ಹೋದರೆ ಏನು? ದೊಡ್ಡ ಗಿರಾಕಿ ಖಾನಾವಳಿ ಮುಚ್ಚಿದರೆ ಏನು? ಎರಡನೆಯದಕ್ಕೆ ಉತ್ತರ ಸಿಕ್ಕಿದೆ: ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಸುಗ್ಗಿಗೆ ಮುಂಚೆ ಹೆಚ್ಚು ಮಾಡಿಟ್ಟುಕೊಳ್ಳಬಹುದು. ಹಾಗೆ ಮಾಡಿದರೆ ಡಬ್ಬಿಯಲ್ಲಿ ಸಿಕ್ಕಿಹಾಕಿಕೊಳ್ಳುವ ರೊಕ್ಕವೂ ಜಾಸ್ತಿ ಅಂತ ಪಕ್ಕದಲ್ಲೇ ಬರೆದಿದ್ದಾರೆ. ಮೂರನೆಯದಕ್ಕೆ ಇನ್ನೂ ಉತ್ತರ ಇಲ್ಲ, ಜಾಗ ಖಾಲಿ ಬಿಟ್ಟಿದ್ದಾರೆ.

ಯಾರನ್ನು ಕೇಳಬಹುದು

1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಮತ್ತು ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಸೇರಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಸಂಸ್ಥೆ ಸ್ವಂತ ಉದ್ಯೋಗದ ತರಬೇತಿ ಕೊಡುತ್ತದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರಗಳು ಬಂದವು, ಅಲ್ಲಿ ತರಬೇತಿಗೆ ಶುಲ್ಕವಿಲ್ಲ. ಧಾರವಾಡದಲ್ಲಿ ಉದ್ಯಮಶೀಲತೆ ಕಲಿಸುವ ಸಿಡಾಕ್ ಇದೆ. ಇಂಥ ಕಡೆ ಯೋಜನಾ ವರದಿ ಬರೆಯುವುದನ್ನೂ ಕಲಿಸುತ್ತಾರೆ. ನಿಮ್ಮ ಅಂಕಿಗಳನ್ನು ತೊಗೊಂಡು ಹೋದರೆ ಕಲಿಯುವುದು ಬೇಗ.

ಶುರುವಾದ ಮೇಲೆ

ಅಕ್ಕ ಕೈರೊಟ್ಟಿಯಿಂದಲೇ ಶುರು ಮಾಡಿದರು. ಕಂಪ್ಯೂಟರ್ ಸೆಂಟರಿನವರಿಗೆ ನೋಟ್‌ಬುಕ್ ಕೊಟ್ಟು ಅದರಂತೆ ಟೈಪ್ ಮಾಡಿಸಿದರು. ಆರು ಪುಟ ಆಯಿತು, ಕುರಿ ಇರಲಿಲ್ಲ. ಪ್ರತಿ ತಿಂಗಳು ಒಂದನೇ ತಾರೀಖು ಅಂದುಕೊಂಡದ್ದು ಎಷ್ಟು, ಆಗಿದ್ದು ಎಷ್ಟು ಅಂತ ಎದುರುಬದುರು ಬರೆಯುತ್ತಾರೆ.

ಮೊದಲ ತಿಂಗಳ ಪುಟ ನೋಡಿದೆ. ದಿನಕ್ಕೆ 200 ಅಂದುಕೊಂಡಿದ್ದು, ಆಗಿದ್ದು 170. ನೂರಕ್ಕೆ ಎಂಟು ಮುರಿಯುತ್ತವೆ ಅಂದುಕೊಂಡಿದ್ದು, ಮುರಿದದ್ದು ಐದು. ಚೀಲದ ಬದಲು ತಗಡಿನ ಡಬ್ಬಿಯಲ್ಲಿ ಒಯ್ದದ್ದರ ಫಲ. ಉದ್ರಿ ಇಪ್ಪತ್ತು ದಿನ ಅಂದುಕೊಂಡಿದ್ದು, ಒಂದು ಅಂಗಡಿಯಲ್ಲಿ ಮೂವತ್ನಾಲ್ಕು ದಿನ. ಆ ಅಂಗಡಿಗೆ ಈಗ ಹಿಂದಿನ ಕಟ್ಟುಗಳ ರೊಕ್ಕ ಬಂದ ಮೇಲೆಯೇ ಹೊಸ ಕಟ್ಟು ಹೋಗುವುದು. ನೋಟ್‌ಬುಕ್ಕಿನಲ್ಲಿ ಆ ನಿಯಮ ಬರೆದು, ಮುಂದಿನ "ಯಾರು ಹೇಳಿದ್ದು" ಕಾಲಮ್ಮಿನಲ್ಲಿ ಅಕ್ಕ "ನಾನ" ಅಂತ ಬರೆದಿದ್ದಾರೆ.